ವಕ್ರಪಾದ ಚಿಕಿತ್ಸೆಯ ಚರಿತ್ರೆ

ಸಾವಿರ ಶಿಶುಗಳು ಜನಿಸಿದರೆ ಅವುಗಳಲ್ಲಿ ಸುಮಾರಾಗಿ ಒಂದು ಶಿಶುವಿನ ಪಾದವು ಹುಟ್ಟುವಾಗಲೇ ಸೊಟ್ಟಗಾಗಿರುತ್ತದೆ. ಹಿಮ್ಮಡಿಯು ಮೇಲಕ್ಕೆ ಸೆಳೆದುಕೊಂಡು, ಬೆರಳುಗಳ ಕಡೆಯ ಭಾಗವು ಒಳಕ್ಕೆ ತಿರುಗಿ, ಅಂಗಾಲು ಇನ್ನೊಂದು ಕಾಲಿನತ್ತ ಮುಖಮಾಡಿಕೊಂಡಿರುವ ಈ ವಿಕಾರವನ್ನು ಜನರು ಸೊಟ್ಟಗಾಲೆನ್ನುವರು; ವೈದ್ಯರು ಕ್ಲಬ್‌ಫುಟ್ ಎನ್ನುವರು; ಸಂಸ್ಕೃತದ ಛಾಯೆಯಲ್ಲಿ ಇದನ್ನು ವಕ್ರಪಾದವೆಂದು ಕರೆಯಬಹುದು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಸುಮಾರು ಇಮ್ಮಡಿಯಾಗಿ ಕಾಣುತ್ತದೆ. ಹೀಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಎರಡು ಪಾದಗಳೂ ವಕ್ರವಾಗಿರುವುದುಂಟು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಅಂಥ ಮಗುವು ಅಂಗಾಲನ್ನು ನೆಲಕ್ಕೆ ಊರಲಾರದೆ ಪಾದದ ಹೊರ ಅಂಚಿನ ಮೇಲೆ, ಕಡೆಗೆ ಪಾದದ ಮೇಲ್ಭಾಗದ ಮೇಲೆಯೇ ನಡೆಯಬೇಕಾಗುತ್ತದೆ. ಚರ್ಮವು ದಡ್ಡುಗಟ್ಟಿ ಒಡೆಯುತ್ತದೆ, ಪಾದರಕ್ಷೆಯು ಸೇರುವುದಿಲ್ಲ, ಶಾಲೆಯ ದಾರಿ ದೂರವಾಗುತ್ತದೆ.

ಇಂದು ಇಂಥ ಶಿಶುವನ್ನು ಎಳೆಯ ವಯಸ್ಸಿನಲ್ಲಿಯೇ ಕರೆದೊಯ್ದರೆ ಕೆಲವು ವಾರಗಳ ಪ್ಲಾಸ್ಟರ್ ಕಟ್ಟುಗಳಿಂದಲೂ, ಅಕ್ಕಿಯ ಕಾಳಿನಷ್ಟು ಸಣ್ಣದಾದ ಒಂದು ಗಾಯದಿಂದಲೂ ಪಾದವನ್ನು ನೇರಗೊಳಿಸಬಹುದಾಗಿದೆ. ಈ ಮಾರ್ಗದ ಮೊದಲ ಸುಳಿವು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ದೊರೆತಿತ್ತು; ಅದು ಲೋಕದಲ್ಲಿ ನೆಲೆಗೊಂಡುದು ಈಚಿನ ಇಪ್ಪತ್ತೈದು ವರ್ಷಗಳಲ್ಲಿ. ನಡುವಣ ಕಾಲದಲ್ಲಿ ವೈದ್ಯವಿದ್ಯೆಯು ಎಷ್ಟೋ ಮುಂದುವರಿದಿದ್ದರೂ ವಕ್ರಪಾದದ ಮಕ್ಕಳಿಗೆ ಅದರಿಂದ ಒಮ್ಮೊಮ್ಮೆ ಹಿತಕ್ಕಿಂತ ಅಹಿತವೇ ಹೆಚ್ಚಾಯಿತು. ಹೀಗೇಕಾಯಿತೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ವಕ್ರಪಾದದ ಶಿಶುವು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯು ಚಿಕಿತ್ಸೆಯದಲ್ಲ, ಕಾರಣದ್ದು. ಗರ್ಭಿಣಿಯು ಗ್ರಹಣಕಾಲದಲ್ಲಿ ಹೊರಗೆ ಬಂದಳೆಂದೋ, ಆ ಹೊತ್ತಿನಲ್ಲಿ ಕತ್ತಿ ಸೂಜಿಗಳನ್ನು ಮುಟ್ಟಿದಳೆಂದೋ ಹೇಳಿ ದೋಷವನ್ನೆಲ್ಲ ಬಾಣಂತಿಯ ತಲೆಗೆ ಕಟ್ಟುವುದು ನಮ್ಮ ನಾಡಿನಲ್ಲಿ ಹೊಸತಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಯ ಬಯಕೆಗಳನ್ನು ತೀರಿಸದೆ ಹೋದರೆ ಗೂನನೋ ಕುಂಟನೋ ಕುಳ್ಳನೋ ಆದ ಮಗುವು ಹುಟ್ಟೀತೆಂದು ಹೇಳಿದೆ. ಆ ಮಾತಿನಲ್ಲಿ ಕರುಣೆಯುಂಟು. ದೋಷವನ್ನು ಅದು ಗರ್ಭಿಣಿಯ ಮೇಲೆ ಹೊರಿಸದೆ ಬಯಕೆಯನ್ನು ತೀರಿಸಬೇಕಾಗಿದ್ದ ಮನೆಯವರ ಮೇಲೆ ಹೊರಿಸುತ್ತದೆ. ಆದರೂ ಕಾರ್ಯಕಾರಣಭಾವದ ಪರೀಕ್ಷೆಯಲ್ಲಿ ಅದು ನಿಲ್ಲಲಾರದು. ಗರ್ಭದಲ್ಲಿ ಮೊದಲು ಸರಿಯಾಗಿಯೇ ರೂಪುಗೊಳ್ಳುತ್ತಿದ್ದ ಪಾದವು ನಡುವಣ ತಿಂಗಳುಗಳಲ್ಲಿ ತಿರುಚಿಕೊಳ್ಳುವುದೆಂದೂ, ಅದರಲ್ಲಿ ವಂಶಗುಣವು ಕೆಲಮಟ್ಟಿಗೆ ಸೇರಿದೆಯೆಂದೂ ಈಗಿನ ವೈದ್ಯರ ಅಭಿಪ್ರಾಯ. ತಾಯಿಯ ನಡೆನುಡಿಗಳಿಗೂ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಅದೇ ಸುಶ್ರುತನ ಇನ್ನೊಂದು ಮಾತು ಗಮನಾರ್ಹವಾಗಿದೆ. ಎಲುಬು ಮುರಿದಾಗ ಮರದ ತೊಗಟೆಯ ದಬ್ಬೆಗಳನ್ನಿಟ್ಟು ಕಟ್ಟುವ ಕ್ರಮವನ್ನು ಹೇಳುತ್ತ ಆತನು ಕಟ್ಟು ಸಡಿಲವಾದರೆ ಸಂಧಿಯು ಸ್ಥಿರವಾಗದೆಂದೂ, ಬಿಗಿಯಾದರೆ ಬಾವು ನೋವುಗಳುಂಟಾಗುವುವೆಂದೂ, ಆದುದರಿಂದ ಮಧ್ಯಮವಾಗಿ ಕಟ್ಟಬೇಕೆಂದೂ ವಿಧಿಸುತ್ತಾನೆ. ಚಳಿಗಾಲದಲ್ಲಿ ಏಳು ದಿನಗಳಿಗೊಮ್ಮೆ, ಸಮಶೀತೋಷ್ಣಕಾಲದಲ್ಲಿ ಐದು ದಿನಗಳಿಗೊಮ್ಮೆ, ಬೇಸಗೆಯಲ್ಲಿ ಮೂರು ದಿನಗಳಿಗೊಮ್ಮೆ ಕಟ್ಟನ್ನು ಬದಲಾಯಿಸಬೇಕೆನ್ನುತ್ತಾನೆ. ಇದು ಮುರಿದ ಎಲುಬಿನ ಮಾತು. ಇಷ್ಟರಿಂದಲೇ ನಮ್ಮ ಪ್ರಾಚೀನರು ವಕ್ರಪಾದವನ್ನು ಗುಣಪಡಿಸುತ್ತಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೆ ಕಟ್ಟಿನ ಗುಣವು ಅದರ ಬಿಗಿಯಲ್ಲಿಲ್ಲ, ಹದದಲ್ಲಿದೆ ಎಂಬ ತತ್ತ್ವವನ್ನು ಆತನು ಕಂಡಿದ್ದನು. ವಕ್ರಪಾದದ ಚರಿತ್ರೆಯುದ್ದಕ್ಕೂ ಮರೆತುಹೋದ ತತ್ತ್ವವೇ ಇದು.

ವಕ್ರಪಾದದ ಚಿಕಿತ್ಸೆಯನ್ನೇ ವಿಶದವಾಗಿ ಹೇಳಿದ ಪ್ರಾಚೀನ ಗ್ರಂಥವೆಂದರೆ ಗ್ರೀಕರ ವೈದ್ಯಾಚಾರ್ಯನಾದ ಹಿಪಾಕ್ರಟೀಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಸಂಧಿಗಳ ಕುರಿತಾದ ಗ್ರಂಥ. ಅದರ ಕಾಲವು ಕ್ರಿಸ್ತಪೂರ್ವ 400ರ ಸುಮಾರು. ಹುಟ್ಟಿನಿಂದ ಬಂದ ವಕ್ರಪಾದಗಳಲ್ಲಿ ಹೆಚ್ಚಿನವು ಗುಣವಾಗತಕ್ಕವು. ಎಷ್ಟು ಬೇಗ ತೊಡಗಿದರೆ ಅಷ್ಟು ಒಳ್ಳೆಯದು. ಮೇಣದ ಬೊಂಬೆಯನ್ನು ಮಾಡುವವನಂತೆ ಪಾದವನ್ನು ಮೆಲ್ಲಮೆಲ್ಲನೆ ಸ್ವಸ್ಥಾನಕ್ಕೆ ತರಬೇಕೇ ಹೊರತು ಬಲಪ್ರಯೋಗ ಕೂಡದು. ಮೇಣ ಬೆರೆತ ಲೇಪವನ್ನು ಹಚ್ಚಿ ಮೃದುವಾದ ಬಟ್ಟೆಗಳಿಂದ, ಹೆಚ್ಚು ಬಿಗಿಯದೆ, ತಿದ್ದುವ ದಿಕ್ಕಿನಲ್ಲಿಯೇ ಸುತ್ತು ಬರುವಂತೆ ಕಟ್ಟಬೇಕು. ಪಾದವು ನೇರವಾದ ಮೇಲೆಯೂ ತಕ್ಕ ಪಾದರಕ್ಷೆಯನ್ನು ತೊಡಿಸಿ ಅದನ್ನು ಹಾಗೆಯೇ ಕಾಯಬೇಕು. ಕೊಯ್ಯುವುದೂ ಬೇಡ, ಸುಡುವುದೂ ಬೇಡ. ಎಣಿಸಿದುದಕ್ಕಿಂತ ಬೇಗನೆ ಪಾದವು ಒಲಿಯುವುದು. ಇಷ್ಟು ಆ ಗ್ರಂಥದ ಅಭಿಪ್ರಾಯ. ಇದರಲ್ಲಿ ಮುಂದಿನ ವೈದ್ಯರು ಕಲಿಯಬೇಕಾಗಿದ್ದುದು ಬಹುಮಟ್ಟಿಗೆ ಅಡಗಿತ್ತು. ಪಾದದೊಳಗಿನ ಎಲುಬುಗಳು ಹೇಗೆ ಹೊರಳುತ್ತವೆಂಬ ಜ್ಞಾನವೊಂದು ಮಾತ್ರ ಆ ಕಾಲಕ್ಕೆ ದೊರೆತಿರಲಿಲ್ಲ.

ಯೂರೋಪಿನಲ್ಲಿ ಮುಂದಿನ ಹಲವು ಶತಮಾನಗಳ ಕಾಲ ವಕ್ರಪಾದವು ಬಹುಮಟ್ಟಿಗೆ ಎಲುಬು ಕೂಡಿಸುವವರ ಹಾಗೂ ಯಂತ್ರ ಮಾಡುವವರ ಕೈಯಲ್ಲಿ ಉಳಿಯಿತು. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿಯು ಮಕ್ಕಳ ಅಂಗವಿಕಾರಗಳನ್ನು ತಿದ್ದುವ ವಿದ್ಯೆಗೆ ಆರ್ಥೊಪೀಡಿ ಎಂದು ಹೆಸರಿಟ್ಟನು; ಆತನ ಗ್ರಂಥದಲ್ಲಿ ಸೊಟ್ಟ ಮರವೊಂದನ್ನು ನೇರವಾದ ಗೂಟಕ್ಕೆ ಕಟ್ಟಿರುವ ಚಿತ್ರವು ಇಂದಿಗೂ ಆ ವಿದ್ಯೆಯ ಲಾಂಛನವಾಗಿದೆ. 1780ರಲ್ಲಿ ವೆನೆಲ್ ಎಂಬ ವೈದ್ಯನು ಸ್ವಿಟ್ಸರ್ಲೆಂಡಿನ ಓರ್ಬ್ ಎಂಬಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಚಿಕಿತ್ಸಾಲಯವನ್ನು ತೆರೆದನು. 1803ರಲ್ಲಿ ಇಟಲಿಯ ಅಂಗರಚನಾಶಾಸ್ತ್ರಜ್ಞನಾದ ಸ್ಕಾರ್ಪನು ವಕ್ರಪಾದವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿ, ಹರಡಿನ ಗೂಡಿನಲ್ಲಿ ಕುಳಿತಿರುವ ಟೇಲಸ್ ಎಂಬ ಎಲುಬಿನ ಸುತ್ತ ಪಾದದ ಉಳಿದ ಎಲುಬುಗಳು ಒಳಕ್ಕೆ ಹೊರಳಿರುತ್ತವೆಂದು ತೋರಿಸಿಕೊಟ್ಟನು. ಇದು ಅಮೂಲ್ಯವಾದ ಜ್ಞಾನ. ಆದರೆ ಸ್ಕಾರ್ಪನ ಹೆಸರಿನಲ್ಲಿ ಲೋಕವು ಉಳಿಸಿಕೊಂಡುದು ಆ ತತ್ತ್ವವನ್ನಲ್ಲ. ಉಕ್ಕಿನ ಕಮಾನುಗಳಿದ್ದ ಆತನ ಪಾದರಕ್ಷೆಯನ್ನು.

ಈ ನಡುವೆ ಶಸ್ತ್ರವು ರಂಗಕ್ಕಿಳಿಯಿತು. ಮೀನಖಂಡದ ಮಾಂಸವನ್ನು ಹಿಮ್ಮಡಿಗೆ ಕಟ್ಟುವ ದಪ್ಪನಾದ ಸ್ನಾಯುರಜ್ಜುವು ವಕ್ರಪಾದದಲ್ಲಿ ಗಿಡ್ಡವಾಗಿದ್ದು ಹಿಮ್ಮಡಿಯನ್ನು ಮೇಲಕ್ಕೆ ಸೆಳೆದಿರುತ್ತದೆ. ಅದನ್ನು ಕತ್ತರಿಸಿದರೆ ಹಿಮ್ಮಡಿಯು ಇಳಿಯಬಾರದೇಕೆ? 1784ರಲ್ಲಿ ಜರ್ಮನಿಯಲ್ಲಿ ಇದು ನಡೆದುದುಂಟು. 1816ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ಪಟ್ಟಣದ ಡೆಲ್ಪೆಶ್ ಎಂಬ ಶಸ್ತ್ರವೈದ್ಯನು ರಜ್ಜುವಿನ ಮೇಲಿನ ಚರ್ಮವನ್ನು ತೆರೆಯದೆ ಪಕ್ಕದಿಂದ ಅಲಗನ್ನು ತೂರಿಸಿ ಅದನ್ನು ಕತ್ತರಿಸಿದನು. ಕತ್ತರಿಸಿದ ಎರಡು ತುದಿಗಳ ನಡುವೆ ಹೊಸ ಅಂಗಾಂಶವು ಬೆಳೆಯುವುದೆಂಬುದು ಆತನ ಸಿದ್ಧಾಂತ. ಸಿದ್ಧಾಂತವು ಸರಿಯಾಗಿದ್ದರೂ ಗಾಯವು ಕೀವುಗೊಂಡಿತು. 1831ರಲ್ಲಿ ಹ್ಯಾನೋವರಿನ ಲೂಯಿ ಸ್ಟ್ರೋಮೈಯರನು ಇನ್ನೂ ಕಿರಿದಾದ ಅಲಗಿನಿಂದ, ಚುಚ್ಚಿದ ಗುರುತಿನಷ್ಟೇ ಗಾಯವಾಗುವಂತೆ, ಅದೇ ಕಾರ್ಯವನ್ನು ನಿರ್ವಿಘ್ನವಾಗಿ ನೆರವೇರಿಸಿದನು.

ಸ್ಟ್ರೋಮೈಯರನ ಬಳಿಗೆ 1836ರಲ್ಲಿ ಇಂಗ್ಲೆಂಡಿನಿಂದ ಒಬ್ಬ ತರುಣ ವೈದ್ಯನು ಬಂದನು. 1810ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ವಿಲಿಯಂ ಜಾನ್ ಲಿಟಲನ ಎಡಗಾಲು ಬಾಲ್ಯದ ರೋಗವೊಂದರಿಂದ ಸೊಟ್ಟಗಾಗಿತ್ತು. ಆತನ ವಿಕಾರವು ಹುಟ್ಟಿನದಲ್ಲವಾದರೂ ಹಿಮ್ಮಡಿಯ ಸೆಳೆತವು ಅಂಥದೇ. ರಜ್ಜುವನ್ನು ಕತ್ತರಿಸುವ ಸಾಹಸ ಬೇಡವೆಂದು ಸ್ವದೇಶದ ವೈದ್ಯರು ಹೇಳಿದ್ದರೂ ಲಿಟಲನು ತನ್ನ ಕಾಲನ್ನು ಸ್ಟ್ರೋಮೈಯರನಿಗೊಪ್ಪಿಸಿದನು. ಕಾಲು ನೇರವಾಯಿತು. ಗುಣಹೊಂದಿದ ರೋಗಿಯೇ ಶಿಷ್ಯನಾಗಿ ಆ ವಿದ್ಯೆಯನ್ನು ಕಲಿತನು. 1837ರಲ್ಲಿ ಬರ್ಲಿನ್ನಿನಲ್ಲಿ ಅದೇ ವಿಷಯದ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧವನ್ನು ಬರೆದು ಪದವಿಯನ್ನು ಪಡೆದನು. ಅದೇ ವರ್ಷ ಲಂಡನ್ನಿನಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿದನು. 1839ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಮುಂದೆ ರಾಯಲ್ ಆರ್ಥೊಪೀಡಿಕ್ ಆಸ್ಪತ್ರೆಯೆಂದು ಹೆಸರಾದ ಸಂಸ್ಥೆಯ ಮೂಲಪುರುಷನು ಈತನೇ.

ಒಳ್ಳೆಯ ಉಪಾಯವು ಕೈಸೇರಿದೊಡನೆ ಅದು ಸರ್ವರೋಗಹರವೆಂಬ ಭ್ರಮೆಯೂ ಬೆನ್ನಟ್ಟಿಕೊಂಡು ಬರುವುದು ಲೋಕದ ರೀತಿ. ಯೂರೋಪಿನ ಊರೂರುಗಳಲ್ಲಿ ರಜ್ಜುವನ್ನು ಕತ್ತರಿಸುವ ಉತ್ಸಾಹವು ಹಬ್ಬಿತು. ಅದರ ಚಿತ್ರವು ವೈದ್ಯಗ್ರಂಥಗಳಿಗಿಂತಲೂ ಚೆನ್ನಾಗಿ ಒಂದು ಕಾದಂಬರಿಯಲ್ಲಿ ಉಳಿದಿದೆ. ಫ್ರಾನ್ಸಿನ ಗುಸ್ತಾವ್ ಫ್ಲೋಬೇರನು 1856ರಲ್ಲಿ ಪತ್ರಿಕೆಯಲ್ಲಿಯೂ 1857ರಲ್ಲಿ ಪುಸ್ತಕರೂಪವಾಗಿಯೂ ಪ್ರಕಟಿಸಿದ ‘ಮದಾಂ ಬೊವಾರಿ’ಯಲ್ಲಿ ಹಳ್ಳಿಯ ಸಾಧಾರಣ ವೈದ್ಯನೊಬ್ಬನು ಹೆಂಡತಿಯ ಮತ್ತು ಔಷಧದಂಗಡಿಯವನ ಪ್ರೇರಣೆಯಿಂದ, ಕೀರ್ತಿಯ ಆಸೆಗೆ ಬಿದ್ದು, ಛತ್ರದ ಆಳಾದ ಇಪೊಲಿತ್‌ನ ವಕ್ರಪಾದದ ರಜ್ಜುವನ್ನು ಕತ್ತರಿಸಿ, ಕಾಲನ್ನು ಮರದ ಪೆಟ್ಟಿಗೆಯಲ್ಲಿ ಬಿಗಿಯುತ್ತಾನೆ. ಕಾಲು ಕೊಳೆಯುತ್ತದೆ, ಬೇರೊಬ್ಬ ವೈದ್ಯನು ಬಂದು ಅದನ್ನು ತೊಡೆಯಿಂದಲೇ ಕತ್ತರಿಸಬೇಕಾಗುತ್ತದೆ. ಫ್ಲೋಬೇರನ ತಂದೆಯು ಶಸ್ತ್ರವೈದ್ಯನಾಗಿದ್ದುದರಿಂದ ಈ ಲೋಕವು ಆತನಿಗೆ ಪರಿಚಿತವಾಗಿತ್ತು. ಆ ಸೊಟ್ಟಗಾಲಿನಿಂದಲೇ ಇಪೊಲಿತ್ ಚೆನ್ನಾಗಿ ಓಡಾಡಿ ಕೆಲಸಮಾಡುತ್ತಿದ್ದನೆಂಬುದನ್ನು ಕಾದಂಬರಿಕಾರನು ಮೊದಲೇ ಹೇಳಿದ್ದಾನೆ.

1846ರಲ್ಲಿ ಈಥರಿನಿಂದ ಪ್ರಜ್ಞೆ ತಪ್ಪಿಸುವ ಉಪಾಯವು ಪ್ರಸಿದ್ಧವಾಯಿತು. 1852ರಲ್ಲಿ ಡಚ್ಚರ ಸೈನ್ಯದ ವೈದ್ಯನಾದ ಮಾತೈಸನ್ ಎಂಬವನು ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ಉಜ್ಜಿದ ಬಟ್ಟೆಪಟ್ಟಿಯನ್ನು ನೀರಿನಲ್ಲಿ ನೆನೆಸಿ ಸುತ್ತುವ ಕ್ರಮವನ್ನು ಪ್ರಕಟಿಸಿದನು. 1867ರಲ್ಲಿ ಲಿಸ್ಟರನು ಗಾಯವು ಕೀವುಗೊಳ್ಳದಂತೆ ತಡೆಯುವ ವಿಧಾನವನ್ನು ಸಾರಿದನು. ಈ ಮೂರೂ ಮಾನವಕುಲಕ್ಕೆ ಮಹೋಪಕಾರಗಳು. ಆದರೆ ನೋವಿನ ಕೂಗು ಕೇಳಿಸದೆ, ಕೀವಿನ ಭಯವೂ ತಗ್ಗಿದಾಗ ಶಸ್ತ್ರದ ಕೈಗೆ ಅಂಕೆಯಿಲ್ಲದಾಯಿತು. ಒಂದು ರಜ್ಜುವಿನಿಂದ ತೊಡಗಿದ ಛೇದನವು ಪಾದದೊಳಗಿನ ಕಟ್ಟುಗಳಿಗೂ ಸಂಧಿಗಳಿಗೂ ಎಲುಬುಗಳಿಗೂ ಹಬ್ಬಿತು. ಕೆಲವರು ಪಾದವನ್ನು ತಿರುಪಿನ ಯಂತ್ರಗಳಿಂದ ಬಲವಂತವಾಗಿ ತಿರುಗಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಜಾರ್ಜಿಯ ಪ್ರಾಂತದ ಹೈರಮ್ ಕೈಟ್ ಎಂಬ ವೈದ್ಯನು ಈ ಬಲಾತ್ಕಾರವನ್ನು ವಿರೋಧಿಸಿ, ಮೃದುವಾಗಿ ತಿದ್ದಿ ಮೇಲಿಂದಮೇಲೆ ಪ್ಲಾಸ್ಟರ್ ಹಾಕುವ ಕ್ರಮಕ್ಕೆ ಹಿಂದಿರುಗಿದನು. ಉದ್ದೇಶವು ಶ್ಲಾಘ್ಯವೇ, ಆದರೆ ಬೆರಳಿಟ್ಟು ಒತ್ತುವ ಸ್ಥಳವು ತಪ್ಪಿದ್ದರಿಂದ ಹಿಮ್ಮಡಿಯು ತಿರುಗಲಾರದೆ ಸಿಕ್ಕಿಕೊಳ್ಳುತ್ತಿತ್ತು, ಮಕ್ಕಳು ಸುಮಾರು ಎರಡು ವರ್ಷಗಳ ಕಾಲ ಪ್ಲಾಸ್ಟರಿನಲ್ಲಿಯೇ ಇರಬೇಕಾಗುತ್ತಿತ್ತು. ಈ ಕ್ರಮವು ಉಳಿದವರ ಕೈಯಲ್ಲಿ ಫಲಿಸದಿದ್ದುದರಿಂದ ಶಸ್ತ್ರವೇ ಗತಿಯೆಂಬ ಮತವು ಮತ್ತಷ್ಟು ಬಲಗೊಂಡಿತು.

ಈ ಗಂಟನ್ನು ಬಿಡಿಸಿದವರು ಇಗ್ನಾಸಿಯೊ ಪೊನ್ಸೆಟಿಯವರು. ಅವರು 1914ರಲ್ಲಿ ಸ್ಪೇಯಿನ್ ದೇಶಕ್ಕೆ ಸೇರಿದ ಮೆನೋರ್ಕ ದ್ವೀಪದಲ್ಲಿ ಗಡಿಯಾರ ದುರಸ್ತಿಯ ಕಸಬಿನವರೊಬ್ಬರ ಮಗನಾಗಿ ಹುಟ್ಟಿ, ಬಾಲ್ಯದಲ್ಲಿ ತಂದೆಯ ಅಂಗಡಿಯಲ್ಲಿ ಕೈಗೂಡಿಸುತ್ತಿದ್ದರು. 1936ರಲ್ಲಿ ಬಾರ್ಸಿಲೋನದಲ್ಲಿ ವೈದ್ಯವಿದ್ಯೆಯನ್ನು ಮುಗಿಸುವ ಹೊತ್ತಿಗೆ ಸ್ಪೇಯಿನಿನ ಅಂತರ್ಯುದ್ಧವು ಸಿಡಿಯಿತು. ಗಣರಾಜ್ಯದ ಪಕ್ಷದಲ್ಲಿ ಸೈನಿಕರ ಮುರಿದ ಕೈಕಾಲುಗಳನ್ನು ಕೂಡಿಸುತ್ತಿದ್ದ ಅವರು ಆ ಪಕ್ಷವು ಸೋತಾಗ, 1939ರಲ್ಲಿ, ಗಾಯಾಳುಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಪಿರನೀಸ್ ಪರ್ವತವನ್ನು ದಾಟಿ ಫ್ರಾನ್ಸನ್ನು ಸೇರಿದರು. ಅಲ್ಲಿಂದ ಮೆಕ್ಸಿಕೋ ದೇಶಕ್ಕೆ ಹೋಗಿ ಹಳ್ಳಿಯೊಂದರಲ್ಲಿ ವೈದ್ಯವೃತ್ತಿಯನ್ನು ನಡೆಸಿ, 1941ರಲ್ಲಿ ಅಮೆರಿಕದ ಅಯೋವ ವಿಶ್ವವಿದ್ಯಾಲಯದಲ್ಲಿ ಸ್ಟೈಂಡ್ಲರ್ ಎಂಬ ಪ್ರಸಿದ್ಧ ಅಸ್ಥಿವೈದ್ಯರ ಶಿಷ್ಯರಾದರು.

ಅಲ್ಲಿ ಪೊನ್ಸೆಟಿಯವರು ಮಾಡಿದ ಮೊದಲ ಮುಖ್ಯ ಕಾರ್ಯವು ಹೊಸ ಚಿಕಿತ್ಸೆಯಲ್ಲ, ಹಳೆಯ ರೋಗಿಗಳ ಪುನಃಪರೀಕ್ಷೆ. ಹಿಂದೆ ಶಸ್ತ್ರಕ್ರಿಯೆಯಾಗಿದ್ದ ವಕ್ರಪಾದಗಳನ್ನು ವರ್ಷಗಳ ಅನಂತರ ನೋಡಿದಾಗ ಅವು ಬಿರುಸಾಗಿಯೂ ದುರ್ಬಲವಾಗಿಯೂ ನೋವಿನಿಂದ ಕೂಡಿಯೂ ಇದ್ದುವು. ಶಸ್ತ್ರಶಾಲೆಯಲ್ಲಿ ನೇರವಾಗಿ ಕಂಡ ಪಾದವು ಗದ್ದೆಯಲ್ಲಿಯೂ ಕಾರ್ಖಾನೆಯಲ್ಲಿಯೂ ದಿನವಿಡೀ ನಿಲ್ಲಬೇಕಾದಾಗ ಕೈಕೊಡುತ್ತಿತ್ತು. ಛೇದಿಸಿದ ಕಡೆಗಳಲ್ಲೆಲ್ಲ ಗಾಯದ ಗಡುಸಾದ ಕಲೆಯು ಬೆಳೆದು ಸಂಧಿಗಳನ್ನು ಬಂಧಿಸಿತ್ತು. ಚಿಕಿತ್ಸೆಯ ಸಾಫಲ್ಯವನ್ನು ರೋಗಿಯು ಆಸ್ಪತ್ರೆಯಿಂದ ಹೊರಡುವ ದಿನ ಅಳೆಯದೆ ಅವನ ನಡುವಯಸ್ಸಿನಲ್ಲಿ ಅಳೆಯಬೇಕೆಂಬ ವಿವೇಕವೇ ಮುಂದಿನ ಎಲ್ಲಕ್ಕೂ ಬೀಜವಾಯಿತು.

ಬಳಿಕ ಅವರು ಪಾದದ ರಚನೆಯನ್ನು ಸೂಕ್ಷ್ಮವಾಗಿ ಅಭ್ಯಾಸಮಾಡಿದರು. ಪಾದದ ಸಂಧಿಗಳು ಬಾಗಿಲಿನ ಕೀಲುಗಳಂತೆ ಒಂದೊಂದಾಗಿ ತಿರುಗತಕ್ಕವಲ್ಲ. ಗಡಿಯಾರದ ಚಕ್ರಗಳಂತೆ ಒಂದನ್ನು ಚಲಿಸಿದರೆ ಉಳಿದವೂ ಚಲಿಸುತ್ತವೆ. ಆದುದರಿಂದ ಒಂದೊಂದು ವಿಕಾರವನ್ನೂ ಬೇರೆಬೇರೆಯಾಗಿ ತಿದ್ದುವ ಯತ್ನವೇ ತಪ್ಪು. ಹಳೆಯ ವೈದ್ಯರು ಒಳಕ್ಕೆ ಮಗುಚಿದ ಪಾದವನ್ನು ಕಂಡೊಡನೆ ಅದನ್ನು ಹೊರಕ್ಕೆ ಮಗುಚುತ್ತಿದ್ದರು. ಹಾಗೆ ಮಾಡಿದರೆ ಅಂಗಾಲಿನ ಕಮಾನು ಇನ್ನೂ ಬಾಗಿ ಹಿಮ್ಮಡಿಯು ಬಂಧಿತವಾಗುತ್ತದೆ. ಪೊನ್ಸೆಟಿಯವರ ಕ್ರಮವು ಇದಕ್ಕೆ ವಿರುದ್ಧವಾದುದು. ಮೊದಲು ಹೆಬ್ಬೆರಳಿನ ಕಡೆಯ ಎಲುಬನ್ನು ಮೇಲಕ್ಕೆತ್ತಿ ಪಾದದ ಮುಂಭಾಗವನ್ನು ಹಿಂಭಾಗದೊಡನೆ ಸಮಮಾಡಬೇಕು. ಅನಂತರ ಟೇಲಸ್ ಎಲುಬಿನ ತಲೆಯ ಮೇಲೆ ಹೊರಗಡೆಯಿಂದ ಹೆಬ್ಬೆರಳನ್ನು ಊರಿ, ಅದನ್ನೇ ಆಧಾರವಾಗಿಟ್ಟುಕೊಂಡು ಇಡೀ ಪಾದವನ್ನು ಮೆಲ್ಲನೆ ಹೊರದಿಕ್ಕಿಗೆ ಸರಿಸಬೇಕು. ಹಿಮ್ಮಡಿಯನ್ನು ಮುಟ್ಟಲೇ ಕೂಡದು. ಅದು ತಾನಾಗಿ ಹಿಂಬಾಲಿಸಿ ಸರಿಯಾಗುತ್ತದೆ.

ಹೀಗೆ ಒಂದೆರಡು ನಿಮಿಷ ನೀವಿ, ಬೆರಳತುದಿಯಿಂದ ತೊಡೆಯ ಸಂದಿನವರೆಗೆ, ಮೊಣಕಾಲನ್ನು ಮಡಿಸಿ, ತೆಳುವಾದ ಪ್ಲಾಸ್ಟರ್ ಕಟ್ಟನ್ನು ಹಾಕುತ್ತಾರೆ. ಐದರಿಂದ ಏಳು ದಿನಗಳಿಗೊಮ್ಮೆ ಅದನ್ನು ತೆಗೆದು, ಮತ್ತೆ ನೀವಿ, ಹೊಸತನ್ನು ಹಾಕುತ್ತಾರೆ. ಎಳೆಯ ಶಿಶುವಿನ ಪಾದದಲ್ಲಿ ಎಲುಬಿನ ಬಹುಭಾಗವು ಇನ್ನೂ ಮೃದ್ವಸ್ಥಿಯೇ. ಸಂಧಿಬಂಧಗಳ ಎಳೆಗಳು ಅಲೆಯಲೆಯಾಗಿದ್ದು, ಮೃದುವಾಗಿ ಎಳೆದರೆ ಹಿಗ್ಗಿ, ಕೆಲವು ದಿನಗಳಲ್ಲಿ ಹೊಸ ಉದ್ದದಲ್ಲಿಯೇ ಮತ್ತೆ ಅಲೆಗಟ್ಟಿ ಮುಂದಿನ ಎಳೆತಕ್ಕೆ ಸಿದ್ಧವಾಗುತ್ತವೆ. ಸಾಧಾರಣವಾಗಿ ಐದಾರು ಕಟ್ಟುಗಳಲ್ಲಿ ಪಾದವು ಹೊರಕ್ಕೆ ತಿರುಗುತ್ತದೆ.

ಕೊನೆಗೆ ಉಳಿಯುವುದು ಹಿಮ್ಮಡಿಯ ಸೆಳೆತ. ಹಿಮ್ಮಡಿಯ ರಜ್ಜುವು ಸಂಧಿಬಂಧಗಳಂತೆ ಹಿಗ್ಗತಕ್ಕದ್ದಲ್ಲ. ಬಲವಂತದಿಂದ ಪಾದವನ್ನು ಮೇಲಕ್ಕೊತ್ತಿದರೆ ಪಾದದ ನಡುಭಾಗವು ಮುರಿದಂತಾಗಿ ಅಂಗಾಲು ದೋಣಿಯ ತಳದಂತೆ ಉಬ್ಬುತ್ತದೆ. ಇಲ್ಲಿ ಮಾತ್ರ ಶಸ್ತ್ರಕ್ಕೆ ಅವಕಾಶ. ಹತ್ತರಲ್ಲಿ ಎಂಟೊಂಬತ್ತು ಪಾದಗಳಿಗೆ ಇದು ಬೇಕಾಗುತ್ತದೆ. ಆ ಜಾಗವನ್ನು ಮರಗಟ್ಟಿಸಿ, ಕಿರಿದಾದ ಅಲಗನ್ನು ಚುಚ್ಚಿ ರಜ್ಜುವನ್ನು ಕತ್ತರಿಸುತ್ತಾರೆ, ಹೊಲಿಗೆಯೂ ಬೇಕಾಗುವುದಿಲ್ಲ. ಮೂರು ವಾರ ಕೊನೆಯ ಪ್ಲಾಸ್ಟರ್. ಅಷ್ಟರಲ್ಲಿ ರಜ್ಜುವು ತಕ್ಕ ಉದ್ದದಲ್ಲಿ ಮತ್ತೆ ಕೂಡಿಕೊಂಡಿರುತ್ತದೆ. ಡೆಲ್ಪೆಶನ ಸಿದ್ಧಾಂತವೂ ಸ್ಟ್ರೋಮೈಯರನ ಅಲಗೂ ಹೀಗೆ ಹಿಪಾಕ್ರಟೀಸನ ಮೃದುಹಸ್ತದೊಡನೆ ಒಂದುಗೂಡಿದುವು.

1948ರ ಸುಮಾರಿನಲ್ಲಿ ಈ ಕ್ರಮವನ್ನು ಆರಂಭಿಸಿದ ಪೊನ್ಸೆಟಿಯವರು 1963ರಲ್ಲಿ ಅದರ ಫಲಗಳನ್ನು ಪ್ರಕಟಿಸಿದರು. ಲೋಕವು ಅದನ್ನು ಲೆಕ್ಕಿಸಲಿಲ್ಲ. 1971ರಲ್ಲಿ ಅಮೆರಿಕದ ಟರ್ಕೊ ಎಂಬ ವೈದ್ಯನು ಎಲ್ಲ ಬಿಗಿತಗಳನ್ನೂ ಒಂದೇ ಶಸ್ತ್ರಕ್ರಿಯೆಯಲ್ಲಿ ಬಿಡಿಸುವ ವಿಧಾನವನ್ನು ಪ್ರಕಟಿಸಿದಾಗ ಜಗತ್ತಿನ ವೈದ್ಯರು ಅತ್ತಲೇ ಒಲಿದರು. ಒಂದೇ ದಿನದಲ್ಲಿ ಕಣ್ಣಿಗೆ ಕಾಣುವ ಫಲವನ್ನು ಕೊಡುವ ಶಸ್ತ್ರದ ಮುಂದೆ, ವಾರವಾರವೂ ಅಳುವ ಮಗುವಿನ ಕಾಲನ್ನು ನೀವುವ ಕಾರ್ಯಕ್ಕೆ ಎಲ್ಲಿಯ ಕೀರ್ತಿ! 1995ರಲ್ಲಿ ಅಯೋವದ ಕೂಪರ್ ಮತ್ತು ಡೀಟ್ಸ್ ಎಂಬವರು ಪೊನ್ಸೆಟಿಯವರ ಹಳೆಯ ರೋಗಿಗಳನ್ನು ಸರಾಸರಿ 34ನೆಯ ವಯಸ್ಸಿನಲ್ಲಿ ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ 78 ಮಂದಿಯ ಪಾದಗಳು ಚೆನ್ನಾಗಿದ್ದುವು. ವಕ್ರಪಾದವೇ ಇಲ್ಲದೆ ಹುಟ್ಟಿದ ಅದೇ ವಯಸ್ಸಿನವರಲ್ಲಿ ಆ ಸಂಖ್ಯೆಯು 85. ದೊಡ್ಡ ಶಸ್ತ್ರಕ್ರಿಯೆಗೆ ಒಳಗಾದವರ ಪಾದಗಳು ನಡುವಯಸ್ಸಿನಲ್ಲಿ ಬಿರುಸಾಗಿ ನೋಯುವುವೆಂದು 2006ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. 1996ರಲ್ಲಿ, 82ನೆಯ ವಯಸ್ಸಿನಲ್ಲಿ, ಪೊನ್ಸೆಟಿಯವರು ತಮ್ಮ ಗ್ರಂಥವನ್ನು ಪ್ರಕಟಿಸಿದರು. ಶಸ್ತ್ರಕ್ಕೆ ಹೆದರಿದ ತಂದೆತಾಯಂದಿರು ಒಬ್ಬರಿಂದೊಬ್ಬರು ಕೇಳಿ ತಿಳಿದು ದೇಶದೇಶಗಳಿಂದ ಅವರ ಬಳಿಗೆ ಬರತೊಡಗಿದರು. ಉಗಾಂಡ, ಮಲಾವಿ ಮೊದಲಾದ ದೇಶಗಳಲ್ಲಿ ಶಸ್ತ್ರವೈದ್ಯರು ವಿರಳವಾಗಿದ್ದುದರಿಂದ ವೈದ್ಯಸಹಾಯಕರೇ ಈ ಕ್ರಮವನ್ನು ಕಲಿತು ನಡೆಸಿದರು. 2009ರಲ್ಲಿ ಪೊನ್ಸೆಟಿಯವರು ತಮ್ಮ 95ನೆಯ ವಯಸ್ಸಿನಲ್ಲಿ ಕಾಲವಾಗುವ ಹೊತ್ತಿಗೆ ಇದು ಜಗತ್ತಿನ ಬಹುಭಾಗದಲ್ಲಿ ಅಂಗೀಕೃತವಾಗಿತ್ತು.

ಭಾರತದಲ್ಲಿಯೂ ಈ ಚಿಕಿತ್ಸೆಯು ನೆಲೆಗೊಂಡಿದೆ. 2013ರಲ್ಲಿ ಕೇಂದ್ರಸರ್ಕಾರವು ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಶಿಶುಗಳಲ್ಲಿ ಹುಡುಕಿ ಚಿಕಿತ್ಸೆ ಮಾಡಿಸತಕ್ಕ ಹುಟ್ಟಿನ ದೋಷಗಳ ಪಟ್ಟಿಯಲ್ಲಿ ವಕ್ರಪಾದವೂ ಸೇರಿದೆ. ಆದುದರಿಂದ ಮುಂದಿನ ಭಾರವು ಬಹುಮಟ್ಟಿಗೆ ಗೃಹಸ್ಥರದು. ಶಿಶುವಿನ ಪಾದವು ಬೆರಳಿನಿಂದ ಮೆಲ್ಲನೆ ತಳ್ಳಿದೊಡನೆ ಸಲೀಸಾಗಿ ನೇರವಾಗುವುದಾದರೆ ಅದು ಗರ್ಭದಲ್ಲಿ ಮಲಗಿದ್ದ ಭಂಗಿಯ ಫಲವಿರಬಹುದು. ಗಡುಸಾಗಿದ್ದು ಬಾರದಿದ್ದರೆ ವಕ್ರಪಾದವೆಂದು ಶಂಕಿಸಬೇಕು. ಎರಡರಲ್ಲಿ ಯಾವುದೆಂಬುದನ್ನು ವೈದ್ಯರೇ ನಿರ್ಣಯಿಸತಕ್ಕದ್ದು. ಬಾಣಂತಿಯ ನೀರು ಮುಗಿಯಲೆಂದೋ, ಎಣ್ಣೆ ನೀವಿದರೆ ತಾನಾಗಿ ಸರಿಹೋದೀತೆಂದೋ ಕಾಯುವುದರಿಂದ ಅತ್ಯಂತ ಬೆಲೆಯುಳ್ಳ ವಾರಗಳು ಕಳೆದುಹೋಗುತ್ತವೆ.

ಪಾದವು ನೇರವಾದ ಬಳಿಕ ಒಂದು ಪಟ್ಟಿಯ ಎರಡು ತುದಿಗಳಿಗೆ ಜೋಡಿಸಿದ ಬೂಟುಗಳನ್ನು ಮಗುವಿಗೆ ತೊಡಿಸಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಬಳಿಕ ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತಿನಲ್ಲಿ. ಇದನ್ನು ಬಿಟ್ಟರೆ ಪಾದವು ಮತ್ತೆ ಹಿಂದಿನ ಸ್ಥಿತಿಗೆ ತಿರುಗುವ ಸಂಭವವು ಬಹಳ. ಆಗ ಪ್ಲಾಸ್ಟರ್ ಕಟ್ಟುಗಳನ್ನು ಮೊದಲಿನಿಂದ ಹಾಕಬೇಕಾಗುತ್ತದೆ. ಮಗುವು ಒಂದೆರಡು ರಾತ್ರಿ ಅಳುತ್ತದೆ. ಅಜ್ಜಿಯ ಕರುಳು ತಡೆಯದು. ಕಾಲು ನೇರವಾಗಿಯೇ ಕಾಣುತ್ತಿರುವಾಗ ಈ ಬೇಡಿಯೇಕೆಂದು ಬೂಟನ್ನು ಬಿಚ್ಚಿಬಿಡುತ್ತಾರೆ. ವೈದ್ಯರ ಶ್ರಮವು ಹೆಚ್ಚಾಗಿ ವ್ಯರ್ಥವಾಗುವುದು ಇಲ್ಲಿಯೇ. ನೇರವಾದ ಪಾದವನ್ನು ತಕ್ಕ ಪಾದರಕ್ಷೆಯಿಂದ ಕಾಯಬೇಕೆಂದು ಗ್ರೀಕರ ಗ್ರಂಥವೂ ಹೇಳಿತ್ತು. ಕಾಯುವ ಕೈ ತಾಯಿತಂದೆಯರದು, ಅಜ್ಜಿ ಅಜ್ಜಂದಿರದು. ಆ ನಾಲ್ಕು ವರ್ಷಗಳ ರಾತ್ರಿಗಳನ್ನು ಮನೆಯವರು ತಾಳ್ಮೆಯಿಂದ ನಡೆಸಿದರೆ, ಐದನೆಯ ವರ್ಷದಲ್ಲಿ ಮಗುವು ಉಳಿದ ಮಕ್ಕಳೊಡನೆ ಅಂಗಾಲೂರಿ ಓಡುತ್ತ ಶಾಲೆಗೆ ಹೋಗುವುದು.